ಏಳದ ಪರದೆ

"ಇದು ಚಿತ್ರ ಅಲ್ಲಪ, ಪರದೆ," ಎಂದರು ಅಂದಾನಪ್ಪನವರು. "ಚಿತ್ರ ಅಂದ್ರ ಅದಕ್ಕ ಕಟ್ಟು ಇರಬೇಕು, ಗಾಜು ಇರಬೇಕು." ಜರಿ ರುಮಾಲು ಸುತ್ತಿದ ಆ ತಲೆ ಅಡ್ಡಡ್ಡ ಆಡಿತು ಎಂದರೆ ಹೊಸಪೇಟೆಯಲ್ಲಿ ಮಾತು ಮುಗಿದಂತೆಯೇ. ರುಮಾಲಿಲ್ಲದ ಅವರ ತಲೆಯನ್ನು ಮನೆಯವರ ಹೊರತು ಊರಲ್ಲಿ ಯಾರೂ ಕಂಡವರಿಲ್ಲ. ಅಕ್ಕಿ ಗಿರಣಿಯ ಸಾಹುಕಾರರು. ಹೊಸದಾಗಿ ಕುಂಚ ಹಿಡಿದ ಹುಡುಗರಿಗೆಂದು ಬಹುಮಾನ ಇಟ್ಟವರೂ ಅವರೇ, ತೀರ್ಪು ಕೊಡುವವರೂ ಅವರೇ. ಗೆದ್ದವನಿಗೆ ಬೆಳ್ಳಿ ಪದಕ, ಜೊತೆಗೆ ಮದರಾಸಿಗೆ ಹೋಗಿ ಒಂದು ವರ್ಷ ಚಿತ್ರ ಕಲಿಯುವ ಖರ್ಚು.

ಕಂಪ್ಲಿಯ ಗಾಳೆಪ್ಪ ಪರದೆಯ ಸುರುಳಿಯನ್ನು ಹೆಗಲಿನಿಂದ ಇಳಿಸದೆ ನಿಂತಿದ್ದ. ಅವನು ಜೀವ ತೇದು ಬರೆದ ಈ ಪರದೆ ಒಂದು ಸಲವೂ ಏಳುವ ಮೊದಲೇ ಅದನ್ನು ಬರೆಸಿದ್ದ ನಾಟಕದ ಕಂಪನಿ ಮುಳುಗಿತ್ತು. ಇಲ್ಲಿಯೂ ಬೇಡವಾದರೆ ಊರಿಗೆ ಹೋಗಿ ಗೋಡೆಗೆ ಸುಣ್ಣ ಬಳಿಯುವುದು ಇದ್ದೇ ಇತ್ತು. ಅದಕ್ಕೂ ಕುಂಚವೇ ಬೇಕು, ನಿಜ. ಆದರೂ ಅವನಿಗೆ ಅಳು ಬಂದಿತ್ತು.

ಕೊನೆಗೆ ಸಾಹುಕಾರರಿಗೇ ಒಂದು ಉಪಾಯ ಹೊಳೆಯಿತು. ಚಿತ್ರಗಳ ಪ್ರದರ್ಶನ ನಡೆಯುವ ಶಾಲೆಯ ಹಜಾರದಲ್ಲಿ ಎದುರು ಗೋಡೆಯ ಗಾರೆ ಉದುರಿ ಅಸಹ್ಯವಾಗಿತ್ತು. ಅದನ್ನು ಮುಚ್ಚಲು ಪರದೆ ಇಳಿಬಿಡು, ಬಹುಮಾನದ ಮಾತು ಮಾತ್ರ ಎತ್ತಬೇಡ ಎಂದರು. ಗಾಳೆಪ್ಪ ತುಟಿ ಕಚ್ಚಿಕೊಂಡು ಇಳಿಬಿಟ್ಟ. ಹಂಪಿಯ ಬಂಡೆಗಳು, ತುಂಬಿದ ಹೊಳೆ, ನಡುನೀರಿನಲ್ಲಿ ಜನರನ್ನು ಹೊತ್ತ ಒಂದು ಹರಿಗೋಲು. ಗೋಡೆ ಪೂರ್ತಿ ಮುಚ್ಚಿತೇ ಎಂದಷ್ಟೇ ಸಾಹುಕಾರರು ನೋಡಿದರು.

ಅಂದು ಸಂತೆ. ಮಧ್ಯಾಹ್ನದ ಹೊತ್ತಿಗೆ ಜನ ಬಂದರು. ಪರದೆ ಕಂಡ ಮೇಲೆ ನಮ್ಮ ಜನ ನಿಂತುಕೊಂಡಿರುತ್ತಾರೆಯೇ? ಮೆಟ್ಟು ಹೊರಗೆ ಬಿಟ್ಟು, ಹೆಗಲ ವಲ್ಲಿ ಹಾಸಿ, ಹೆಂಗಸರು ಒಂದು ಕಡೆ ಗಂಡಸರು ಒಂದು ಕಡೆ ಕೂತೇಬಿಟ್ಟರು. ಸಂತೆಯ ಚೀಲಗಳಿಂದ ಮಂಡಕ್ಕಿ ಹೊರಬಂತು. ಅಕ್ಕಪಕ್ಕದ ಗೋಡೆಗಳಲ್ಲಿ ಗಾಜಿನೊಳಗಿದ್ದ ಗಿಳಿ, ಗುಲಾಬಿ, ಜಿಂಕೆಗಳನ್ನು ಕೇಳುವವರೇ ಇರಲಿಲ್ಲ. ಬನ್ನಿ, ಇವನ್ನು ನೋಡಿ ಎಂದು ಸಾಹುಕಾರರು ಬೆವರು ಸುರಿಸಿಕೊಂಡು ಕರೆದರು. ನಾಟಕ ಶುರುವಾಗುವ ಹೊತ್ತಿನಲ್ಲಿ ಜಾಗ ಬಿಟ್ಟು ಏಳುವ ದಡ್ಡರು ಅಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಅವರು ಪರದೆಯ ಮುಂದೆ ನಿಂತು, ಇಲ್ಲಿ ನಾಟಕ ಗೀಟಕ ಏನೂ ಇಲ್ಲ, ಇದು ಗೋಡೆ ಮುಚ್ಚಲು ಹಾಕಿದ ಬಟ್ಟೆ ಎಂದು ಸಾರಿದರು. ಗಾಳೆಪ್ಪ ಬಾಗಿಲ ಬಳಿ ನಿಂತಿದ್ದ. ಈಗ ಎಲ್ಲರೂ ವಲ್ಲಿ ಕೊಡವಿ ಏಳುತ್ತಾರೆ, ಅಲ್ಲಿಗೆ ತನ್ನ ಕಥೆ ಮುಗಿಯಿತು ಎಂದುಕೊಂಡ.

ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಬುಕ್ಕಸಾಗರದ ಮುದುಕಿ ಭರಮಮ್ಮ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ನಾಟಕ ಇಲ್ಲಾಂದ್ರ ಬಿಡ್ರಿ, ಸಾಹುಕಾರ್ರ. ಆ ಹರಿಗೋಲು ದಂಡಿಗೆ ಹತ್ಲಿ, ಆಮ್ಯಾಲ ಏಳ್ತೀವಿ."

ಸಾಹುಕಾರರು ಹಿಂದಕ್ಕೆ ತಿರುಗಿ ಮೊದಲ ಸಲ ಪರದೆಯನ್ನು ನೋಡಿದರು. ಹುಟ್ಟು ಹಾಕುವವನ ತೋಳು ಬಿಗಿದಿತ್ತು. ಒಬ್ಬಳು ಮಗುವನ್ನು ಅವುಚಿಕೊಂಡು ದಡವನ್ನೇ ನೋಡುತ್ತಿದ್ದಳು. ಮುಂದೆಯೇ ನೀರಿನ ಸುಳಿ. ಅಂದಾನಪ್ಪನವರು ಬಹಳ ಹೊತ್ತು ನಿಂತರು. ಆಮೇಲೆ ಜನರ ನಡುವೆ ಹೋಗಿ ನೆಲದ ಮೇಲೆಯೇ ಕೂತು, ಗಾಳೆಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಮದ್ರಾಸಿಗೆ ನೀನ ಹೋಗಬೇಕಪ," ಎಂದರು. "ಪದಕನೂ ನಿಂದ."

ಗಾಳೆಪ್ಪ ಹಿಗ್ಗಿಹೋದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಸಾಹುಕಾರರ ಭುಜ ತಟ್ಟಿದರು. "ರುಮಾಲು ತುಸು ತೆಗೀರಿ. ಹರಿಗೋಲು ಕಾಣವಲ್ದು."

ಅಂದಾನಪ್ಪನವರು ಜರಿ ರುಮಾಲನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.