ಸೇತುವೆಯ ಪೆಟ್ಟು

"ಹೊಡಿ," ಎಂದು ನಿಖಿತಾ ಟೈಪ್ ಮಾಡಿದಳು. "ಜೋರಾಗಿ ಹೊಡಿ."

ಮೀಸೆಯ ಯೋಧ ಗದೆ ಎತ್ತಿದ. ಬೆನ್ನಿಗೆ ಬಿದ್ದ ಪೆಟ್ಟಿಗೆ ಅವಳ ರಾಜಕುಮಾರಿ ಗಾಳಿಯಲ್ಲಿ ಪಲ್ಟಿ ಹೊಡೆದು ಸೇತುವೆಯ ಆಚೆ ಬಿದ್ದಳು. ಅರ್ಧ ಜೀವ ಹೋಯಿತು. ಆದರೆ ದಾಟಿದಳು.

'ಮಂಜುಗಿರಿ' ಎಂಬ ಆ ಮೊಬೈಲ್ ಆಟದಲ್ಲಿ ಸೇತುವೆ ದಾಟಲು ಬೇರೆ ದಾರಿಯೇ ಇರಲಿಲ್ಲ. ಆಟ ಮಾಡಿದವರ ಎಡವಟ್ಟು. ನಡುವಿನ ಕಲ್ಲಿಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಮುಂದೂ ಇಲ್ಲ, ಹಿಂದೂ ಇಲ್ಲ. ಜೊತೆಗಾರ ಹಿಂದಿನಿಂದ ಬಡಿದರೆ ಮಾತ್ರ ಬಿಡುಗಡೆ. ಎಡವಟ್ಟು ಅದೊಂದೇ ಅಲ್ಲ. ಬಟನ್ ಒತ್ತಿ ಕತ್ತಿ ಮೇಲೇಳುವಷ್ಟರಲ್ಲಿ ರಾಕ್ಷಸ ತನ್ನ ಕೆಲಸ ಮುಗಿಸಿರುತ್ತಾನೆ. ಕುದುರೆ ಇದ್ದಕ್ಕಿದ್ದಂತೆ ಮರದ ಮೇಲೆ ನಿಂತಿರುತ್ತದೆ. ಸತ್ತರೆ ಮತ್ತೆ ಸೇತುವೆಗೂ ಮುಂಚೆ ಬರುವ ಜೌಗಿನ ಮೊದಲಿಂದ. ನಿಖಿತಾ ಸಿಟ್ಟಿನಿಂದ ಫೋನನ್ನು ಹಾಸಿಗೆಗೆ ಎಸೆಯುತ್ತಿದ್ದಳು, ಮತ್ತೆ ತಾನೇ ಎತ್ತಿಕೊಳ್ಳುತ್ತಿದ್ದಳು. ಆಟದ ಕೊನೆಗೆ ಬೆಟ್ಟದ ನೆತ್ತಿಯಲ್ಲಿ ಮಂಜು ಸರಿದು ಬಿಳಿ ಹಕ್ಕಿ ಹಾರುವುದನ್ನು ನೋಡಬೇಕಿತ್ತಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಂಜಳಿಲು ಕಾಯುತ್ತಿರುತ್ತಿದ್ದ.

ಕೆಂಜಳಿಲು ಎಂದರೆ ಆ ಮೀಸೆಯ ಯೋಧ. ಅವಳ ಹೆಸರು ಅಲ್ಲಿ ಮಿಂಚುಳ್ಳಿ. ನಿಜದ ಹೆಸರು, ಊರು ಇಬ್ಬರೂ ಕೇಳಿಕೊಂಡಿರಲಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಸೋದರಮಾವನ ಮನೆ ಸೇರಿದ ನಿಖಿತಾ ನಾಲ್ಕು ಜನರೆದುರು ಉಗುಳು ನುಂಗುವವಳು. ಅವನೆದುರು ಮಾತ್ರ ಹರಟೆಮಲ್ಲಿ. ಜೌಗಿಗೆ ಇಳಿಯುವ ಮೊದಲು ಅವನು ತಪ್ಪದೆ ಕೇಳುತ್ತಿದ್ದ: "ತಿಂದ್ಯಾ? ಖಾಲಿ ಹೊಟ್ಟೇಲಿ ಯುದ್ಧ ಬೇಡ ಮಾರಾಯ್ತಿ." ಯುದ್ಧದ ನಡುವೆ ಒಮ್ಮೊಮ್ಮೆ ಮಾಯವಾಗಿಬಿಡುತ್ತಿದ್ದ. "ಹಾಲು ಇಟ್ಟಿದ್ದೆ, ಉಕ್ಕೋಯ್ತು." ಪಾಪ, ಒಂಟಿ ಹುಡುಗ, ಕಾಫಿಯನ್ನೂ ತಾನೇ ಮಾಡಿಕೊಳ್ಳಬೇಕು ಎಂದು ಅವಳ ಜೀವ ಚುರ್ ಎನ್ನುತ್ತಿತ್ತು.

ಇವತ್ತು ಅವಳ ಬೆರಳು ನಿಲ್ಲುತ್ತಿರಲಿಲ್ಲ.

"ನಾಳೆ ನನ್ನ ನೋಡಕ್ಕೆ ಬರ್ತಿದಾರೆ. ಬಾಳೆಹೊಳೆಯವರು. ಜಾತಕ ಕೂಡಿದ್ಯಂತೆ."

ಮೀಸೆಯ ಯೋಧ ಗದೆ ಎತ್ತಿದವನು ಹಾಗೇ ನಿಂತ. ಆಟ ಮತ್ತೆ ಕೆಟ್ಟಿತೇ?

"ಯಾವೂರಿಗೆ?" ಎಂದು ಕೊನೆಗೆ ಬಂತು.

"ಹೊರನಾಡಿಗೆ. ಮಾವನ ಮನೆಗೆ."

"ನಿಂಗೆ ಇಷ್ಟ ಇಲ್ವಾ?"

"ಮೂಡಿಗೆರೇಲಿ ಗೆಳತಿ ರಕ್ಷಾ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದಾಳೆ. ಬಾ, ಕೆಲಸ ಕಲಿಸ್ತೀನಿ ಅಂದಿದಾಳೆ. ಈ ಸಂಬಂಧ ತಪ್ಪಿದ್ರೆ ಕಳಿಸ್ತೀನಿ ಅಂತ ಮಾವ ಹೇಳಿದಾರೆ. ಅವ್ರು ಒಪ್ಪಿದ್ರೆ ಮುಗೀತು, ನನ್ನ ಯಾರು ಕೇಳ್ತಾರೆ? ಬೇಡ ಅನ್ನಕ್ಕೆ ನಂಗೆ ಬಾಯೇ ಬರಲ್ಲ."

ಮೀಸೆಯ ಯೋಧ ಎತ್ತಿದ ಗದೆಯನ್ನು ಕೆಳಗಿಳಿಸಿದ. ಅವನಿಗೂ ನೋವಾಗಿರಬೇಕು ಎಂದುಕೊಂಡಳು.

"ನೀನು ಬಾಯಿ ಬಿಡೋದು ಬೇಡ," ಎಂದಿತು ಪರದೆ. "ನಾಳೆ ನಾನು ಬರ್ತೀನಿ."

ಮರುದಿನ ಉಪ್ಪಿಟ್ಟು ಒಲೆಗಿಟ್ಟು, ಸಿಹಿ ಸಜ್ಜಿಗೆಗೆ ದ್ರಾಕ್ಷಿ ಹುರಿಯುತ್ತ ನಿಖಿತಾ ಕಿಟಕಿ ಬಿಟ್ಟು ಕದಲಲಿಲ್ಲ. ಬೈಕಿನ ಸದ್ದಾದಾಗಲೆಲ್ಲ ಸೌಟು ನಿಲ್ಲುತ್ತಿತ್ತು. ಒಮ್ಮೆ ಗ್ಯಾಸಿನವನು. ಒಮ್ಮೆ ಯಾರೋ ದಾರಿ ತಪ್ಪಿದ ಯಾತ್ರಿಕರು.

"ಏನೇ, ಉಪ್ಪಿಟ್ಟು ಒಲೆ ಮೇಲಿದ್ಯೋ, ರಸ್ತೆ ಮೇಲಿದ್ಯೋ?" ಅತ್ತೆ ಸುಬ್ಬಲಕ್ಷ್ಮಿ ಕೆಣಕಿದಳು. "ಉಪ್ಪು ಹಾಕಿದ್ಯಾ?"

"ಹಾಕಿದೆ ಅತ್ತೆ."

ಬಂದವರಿಗೆ ಬಡಿಸುವ ಮೊದಲು ರುಚಿ ನೋಡಿದರೆ ಎಂಜಲು. ಅತ್ತೆ ಅವಳ ಮಾತನ್ನೇ ನಂಬಿದಳು.

ಕೊನೆಗೆ ಬಂದದ್ದು ಜೀಪು. ಇಳಿದವರು ಹುಡುಗ ಶಶಿಧರ್, ಅವನ ತಾಯಿ ರುಕ್ಮಿಣಮ್ಮ. ಕೂತ ಕ್ಷಣದಿಂದ ಶಶಿಧರನ ಹೆಬ್ಬೆರಳು ಫೋನಿನ ಮೇಲೆ ಓಡತೊಡಗಿತು. ಬರ್ತೀನಿ ಅಂದವನು ಇವನೇ ಆಗಿದ್ದರೆ? ತಟ್ಟೆ ಕೊಡುವಾಗ ಕಣ್ಣಂಚಿನಲ್ಲಿ ಪರದೆ ನೋಡಿದಳು. ಕ್ರಿಕೆಟ್ ಸ್ಕೋರು.

ರುಕ್ಮಿಣಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ, ಒಂದೂ ಕೇಳಲಿಲ್ಲ.

"ನೀನು ತಿಂದ್ಯಾ?" ಎಂದರು.

ನಿಖಿತಾ ತಲೆಯಾಡಿಸಿದಳು. ಕಣ್ಣು ರಸ್ತೆಯ ಮೇಲೇ ಇತ್ತು. ಅಂಗಳದಾಚೆ ಯಾವ ಬೈಕೂ ಬರಲಿಲ್ಲ.

ರುಕ್ಮಿಣಮ್ಮ ಎರಡು ತುತ್ತು ತಿಂದರು. ತಟ್ಟೆಯನ್ನು ಟಕ್ಕೆಂದು ಕೆಳಗಿಟ್ಟರು.

"ರವಿಶಂಕರ ಅವ್ರೇ, ಬೇಜಾರು ಮಾಡ್ಕೋಬೇಡಿ. ಉಪ್ಪಿಟ್ಟಿಗೆ ಉಪ್ಪೇ ಇಲ್ಲ. ಹೆಣ್ಣು ನೋಡಕ್ಕೆ ಬಂದ ದಿನಾನೇ ಉಪ್ಪು ಮರೆಯೋಳು ನಮ್ಮನೆ ಒಲೆ ಹೇಗೆ ನೋಡ್ಕೋತಾಳೆ?"

ಮಾವನ ಮುಖ ಕಪ್ಪಿಟ್ಟಿತು. ಶಶಿಧರ್ ಮೊದಲ ಸಲ ಫೋನಿನಿಂದ ತಲೆ ಎತ್ತಿದ. "ಅಮ್ಮಾ, ನನ್ನ ತಟ್ಟೇಲಿ ಸರಿಯಾಗೇ..."

"ನೀನು ಸುಮ್ನಿರೋ ಮಾರಾಯ. ನಿಂಗೆ ಬೂದಿ ಕಲಸಿ ಕೊಟ್ರೂ ಗೊತ್ತಾಗಲ್ಲ. ಏಳು." ಅವರು ಸೆರಗು ಕೊಡವಿಕೊಂಡು ಎದ್ದರು. "ಋಣಾನುಬಂಧ ಇಲ್ಲ ಅಂದ್ಕೊಳ್ಳಿ."

ಹೆಣ್ಣಿನ ಕಡೆಯವರು ಬೇಡವೆಂದರೆ ಸೊಕ್ಕು, ಗಂಡಿನ ಕಡೆಯವರು ಬೇಡವೆಂದರೆ ಋಣಾನುಬಂಧ. ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ಜೀಪು ಹೋಯಿತು. ಮಾವ ಜಗಲಿಯಲ್ಲೇ ಕೂತರು. ಒಲೆ ಕಟ್ಟಿಕೊಳ್ಳುವ ಯೋಗ ಇಲ್ಲವೆಂದಾದರೆ ಫೋನನ್ನೇ ಕಟ್ಟಿಕೊಳ್ಳಲಿ ಎಂದು ಗೊಣಗಿ, ಕೊನೆಗೆ ಒಳಗೆ ಕೇಳುವಂತೆ ಹೇಳಿದರು: "ಸೋಮವಾರ ಮೂಡಿಗೆರೆ ಬಸ್ ಹತ್ತು."

ನಿಖಿತಾ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಕಾಗಿದ್ದು ಸಿಕ್ಕಿತ್ತು. ಆದರೆ ತಾನು ಉಪ್ಪು ಹಾಕಿದ್ದು ತನಗೆ ಗೊತ್ತು. ಆ ಹೆಂಗಸಿನ ಮಾತಿನ ಉರಿ ಇನ್ನೂ ಕಿವಿಯಲ್ಲಿತ್ತು. ಅದಕ್ಕಿಂತ ದೊಡ್ಡ ಉರಿ ಕೆಂಜಳಿಲಿನದು. ಬರ್ತೀನಿ ಅಂದವನು ಬರಲೇ ಇಲ್ಲ.

ಆಟ ತೆರೆದಳು. ಮೀಸೆಯ ಯೋಧ ಸೇತುವೆಯ ಬಳಿ ಇರಲಿಲ್ಲ. "ಸುಳ್ಳುಗಾರ," ಎಂದು ಬರೆದಳು.

ಬಿಸಿಲು ಬಾವಿಕಟ್ಟೆಯಿಂದ ಇಳಿಯುವವರೆಗೆ ಕಾದಳು. ಆಮೇಲೆ ಮಂಜು ಸರಿದು, ಗದೆ ಹೊತ್ತ ಮೀಸೆ ಮೆಲ್ಲಗೆ ಮೂಡಿತು.

"ಪೆಟ್ಟು ಜೋರಾಯ್ತಾ ಮಾರಾಯ್ತಿ? ಉಪ್ಪಿಟ್ಟಿಗೆ ಉಪ್ಪು ಸರಿಯಾಗೇ ಇತ್ತು."