ಎಪ್ಪತ್ತು ವರ್ಷ ಕಳೆದ ಹಾಡು

2014ರ ಜನವರಿ 1, ಬುಧವಾರ, ಸಂಜೆ 6 ಗಂಟೆ 10 ನಿಮಿಷ. ಬ್ರನೋ ನಗರದ ತನ್ನ ಪಬ್ಬಿನಲ್ಲಿ ಕ್ವೇತಾ ಲೋಟ ಒರೆಸುವ ನೆಪದಲ್ಲಿ ರಾದಾನಾಳ ಕಡೆ ಬಗ್ಗಿದಳು.

"ಮೂಲೆ ಮೇಜು ನೋಡೇ. ಕಿವಿಗೆ ಅದೇನೋ ಸಿಕ್ಕಿಸ್ಕೊಂಡಿದ್ದಾನೆ. ಸಂಘದವನೇ ಅವನು."

ಸಂಘವೆಂದರೆ ಹಾಡುಗಳ ಹಕ್ಕಿನ ಶುಲ್ಕ ವಸೂಲಿ ಮಾಡುವ ಸಂಘ. ಕಳೆದ ವರ್ಷ ರೇಡಿಯೋ ಹಾಕಿದ್ದಕ್ಕೇ ಕ್ವೇತಾ ದಂಡ ತೆತ್ತಿದ್ದಳು. ಇನ್ನೊಂದು ಬಿದ್ದರೆ ಪಬ್ಬಿಗೆ ಬೀಗ.

"ಅಷ್ಟು ವಯಸ್ಸಾದವರನ್ನ ಕಳಿಸ್ತಾರಾ?"

"ಮುದುಕರನ್ನೇ ಕಳಿಸೋದು ಕಣೇ. ಪಾಪ ಅಂತ ಹೊಸ ವರ್ಷದ ಬೇಳೆ ಸೂಪು ಬೇರೆ ಕೊಟ್ಟೆ, ನನ್ನ ಬುದ್ಧಿಗಿಷ್ಟು!"

ರಾದಾನಾ ನಕ್ಕು ಅಕಾರ್ಡಿಯನ್ ಹೆಗಲಿಗೇರಿಸಿದಳು. ಹಕ್ಕುಸ್ವಾಮ್ಯದ ಕಾನೂನು ಸಡಿಲವಾಗಲಿ, ಸರ್ಕಾರದ ಕಡತಗಳು ಬಯಲಾಗಲಿ ಎಂದು ಹೋರಾಡುವ ಪುಟ್ಟ ಪಕ್ಷ ಅವಳದು. ಕರ್ತೃ ಸತ್ತು ಎಪ್ಪತ್ತು ವರ್ಷ ಕಳೆದರೆ ಹಾಡು ಎಲ್ಲರದು. ಅಂಥ ಹಾಡುಗಳ ಬಿಡುಗಡೆಯನ್ನು ಪಕ್ಷದವರು ಪ್ರತಿ ಜನವರಿ ಒಂದರಂದು ಇಲ್ಲಿ ಹಾಡಿಯೇ ಆಚರಿಸುತ್ತಾರೆ.

ಈ ಸಲದ ಹಾಡು 'ಗಿರಣಿಯ ಹಿಂದಿನ ಹಾದಿ'. ಬರೆದವನು ಹಿನೆಕ್ ವಿಮಜಲ್. ಅವನ ಮರಣದ ದಾಖಲೆ ತೋರಿಸಲು ಕಚೇರಿಯೊಂದು ಎರಡು ವರ್ಷ ಸತಾಯಿಸಿತ್ತು. ಮಾಹಿತಿ ಹಕ್ಕಿನಡಿ ರಾದಾನಾ ಗುದ್ದಾಡಿ ಗೆದ್ದಳು. ಗೆದ್ದ ದಿನವೇ ದಾಖಲೆ ಪಕ್ಷದ ಜಾಲತಾಣಕ್ಕೆ ಏರಿತು: ಜರ್ಮನಿಯ ಕಾರ್ಖಾನೆಗೆ ಬಲವಂತವಾಗಿ ಒಯ್ಯಲ್ಪಟ್ಟು, 1943ರ ಬಾಂಬ್ ದಾಳಿಯಲ್ಲಿ ಮೃತ.

ಅದನ್ನೇ ಗಟ್ಟಿಯಾಗಿ ಸಾರಿ ಅವಳು ಹಾಡತೊಡಗಿದಳು. ಕ್ವೇತಾಳ ಮುಖ ನೋಡಿ ಉಳಿದವರ ದನಿ ತಗ್ಗಿತು. ನೆರೆಯವರ ದೂರಿನಿಂದಾಗಿ ಗೋಡೆಗೆ ತೂಗುಹಾಕಿದ್ದ ಶಬ್ದಮಾಪಕ ಅರವತ್ತನ್ನೂ ದಾಟಲಿಲ್ಲ.

"ಇನ್ನೂ ಜೋರಾಗಿ ಹಾಡಮ್ಮ," ಮುದುಕ ಕೂಗಿದ. "ಇಲ್ಲಿಗೆ ಸರಿಯಾಗಿ ಕೇಳಿಸ್ತಿಲ್ಲ."

"ನೋಡ್ದ್ಯಾ? ರೆಕಾರ್ಡ್ ಮಾಡ್ತಿದ್ದಾನೆ," ಕ್ವೇತಾ ಹಲ್ಲು ಕಚ್ಚಿದಳು.

ಎರಡನೆಯ ಚರಣಕ್ಕೆ ಅವನ ತುಟಿ ಹಾಡಿಗಿಂತ ಮುಂದೆ ಮುಂದೆ ಓಡುತ್ತಿತ್ತು. ಹಾಡು ಮುಗಿಯಿತು. ಅವನು ಮೇಜು ಹಿಡಿದು ಎದ್ದ.

"ತಪ್ಪು. ವಿಮಜಲ್ ಆ ವರ್ಷ ಸಾಯಲಿಲ್ಲ. ಈ ಹಾಡು ಇನ್ನೂ ನಿಮ್ಮದಲ್ಲ."

ಕ್ವೇತಾ ಕುರ್ಚಿಗೆ ಕುಸಿದಳು. "ಹೋಯ್ತು ನನ್ನ ಪಬ್ಬು."

"ಸರ್ಕಾರದ್ದೇ ದಾಖಲೆ ಇದೆ ತಾತ!" ಎಂದಳು ರಾದಾನಾ.

"ಗೊತ್ತು. ನಿಮ್ಮ ಪಕ್ಷದವರು ಏನನ್ನೂ ಮುಚ್ಚಿಡಲ್ಲವಲ್ಲ, ಪುಣ್ಯಾತ್ಮರು! ಮೊಮ್ಮಗಳು ಜಾಲತಾಣದಲ್ಲಿ ನೋಡಿ ಓದಿ ಹೇಳಿದಳು. ಆದರೆ ನನ್ನ ಹತ್ರ ಅದಕ್ಕಿಂತ ಗಟ್ಟಿ ಸಾಕ್ಷಿ ಇದೆ."

"ಹಾಗಾದ್ರೆ ದಂಡ ಎಷ್ಟು, ಹೇಳಿಬಿಡಿ. ನೀವು ಸಂಘದವರು ತಾನೇ?" ಎಂದಳು ಕ್ವೇತಾ.

"ನಾನಾ? ಸತ್ತವನನ್ನ ಯಾವ ಸಂಘ ಸೇರಿಸ್ಕೊಳ್ಳುತ್ತಮ್ಮ?"

ಅವನು ಕೋಟಿನಿಂದ ಸ್ವೀಡನ್ನಿನ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಹೆಸರು: ಹಿನೆಕ್ ವಿಮಜಲ್. ವಯಸ್ಸು ತೊಂಬತ್ಮೂರು. "ಬಾಂಬ್ ಬಿದ್ದ ಗಲಾಟೇಲಿ ತಪ್ಪಿಸ್ಕೊಂಡು ಸ್ವೀಡನ್ ಸೇರಿದೆ; ಇಲ್ಲಿ ಸತ್ತ ಅಂತ ಬರ್ಕೊಂಡ್ರು." ಆಮೇಲೆ ಕಿವಿಯಲ್ಲಿದ್ದ ಶ್ರವಣಯಂತ್ರದ ತಿರುಪು ತಿರುಗಿಸಿದ. "ನನ್ನ ಅಪ್ಪಣೆ ಇದೆ, ಬಿಟ್ಟಿಯಾಗಿ. ಇನ್ನು ಎಪ್ಪತ್ತು ವರ್ಷ ಕಾಯೋಕೆ ನನ್ನಿಂದಾಗಲ್ಲ. ಈ ಸಲವಾದ್ರೂ ನನಗೆ ಕೇಳಿಸೋ ಹಾಗೆ ಹಾಡಿ."

ಎಲ್ಲರಿಗಿಂತ ಮೊದಲು ದನಿಯೆತ್ತಿದವಳು ಕ್ವೇತಾ. ಶಬ್ದಮಾಪಕ ತೋರಿಸಿದ್ದು 97 ಡೆಸಿಬಲ್.