ಯಾವನಾದರೂ ಸರಿ

"ನಮ್ಮ ಹುಡುಗರು ನನ್ನ ಹೆಂಡ್ತಿ ಡೋರೀನ್ ಮಾಡೋ ಆಲೂಗಡ್ಡೆ ಕಡುಬಿಗಿಂತ ಮೆತ್ತಗಿದಾರೆ ಕಣ್ರಯ್ಯಾ!" ಎಂದು ಆರ್ನಿ ಸೊರೆನ್ಸನ್ ದಾಳ ಉರುಳಿಸಿದ. ಕೆಸ್ಲರ್ ಊರಿನ ನಿವೃತ್ತ ಗಂಡಸರೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಈ ಕಾಫಿ ಅಂಗಡಿಯಲ್ಲಿ ಸೇರುತ್ತಾರೆ. ದಾಳದಲ್ಲಿ ಸೋತವನು ಎಲ್ಲರಿಗೂ ಕಾಫಿ ಕೊಡಿಸಬೇಕು. ಗೆದ್ದವರು, ಸೋತವರು ಎಲ್ಲರೂ ಸೇರಿ ಊರಿನ ಐಸ್ ಹಾಕಿ ತಂಡಕ್ಕೆ ಬುದ್ಧಿ ಹೇಳಬೇಕು. ಮಂಜುಗಡ್ಡೆಯ ಮೇಲೆ ಒಮ್ಮೆಯೂ ನೆಟ್ಟಗೆ ನಿಲ್ಲದವರೇ ಹೆಚ್ಚು ಬುದ್ಧಿ ಹೇಳುವುದು ಅಲ್ಲಿನ ವಾಡಿಕೆ.

ಆರ್ನಿ ಎಂದಿನಂತೆ ಒಂದು ಪೇಪರ್ ನ್ಯಾಪ್‌ಕಿನ್ ಎಳೆದುಕೊಂಡು ಬರೆಯತೊಡಗಿದ. "ನಮಗೆ ಗೂಳಿಯಂಥವನೊಬ್ಬ ಬೇಕು. ಅವನು ಬಂದು ಗುದ್ದಿದ್ರೆ ಗ್ಯಾಲರೀಲಿ ಕೂತಿರೋ ಆ ಕಡೆ ಹುಡುಗನ ತಾಯಿ ಕಣ್ಣು ಮುಚ್ಕೋಬೇಕು! ಬ್ರಾಡ್ಲಿ ತಂಡದಲ್ಲಿ ಬ್ರೋಡಿ ಅಂತ ಇದಾನಲ್ಲ, ಅವನು ನಮಗೆ. ಬದಲಿಗೆ ನಮ್ಮ ಪುಟಾಣಿಗಳಲ್ಲಿ ಯಾವನಾದ್ರೂ ಸರಿ, ಅವರಿಗೆ." ತಂಡದ ಮ್ಯಾನೇಜರ್ ಲೋರ್ನ್ ನಗುತ್ತ ಅದನ್ನು ಮಡಚಿ ಜೇಬಿಗಿಳಿಸಿದ. ಮೂರು ಚಳಿಗಾಲದಿಂದ ಆರ್ನಿ ಸಲಹೆ ಬರೆದುಕೊಟ್ಟ ಇಂಥ ನ್ಯಾಪ್‌ಕಿನ್‌ಗಳಲ್ಲೇ ಅವನು ಮೀಸೆ ಒರೆಸಿಕೊಳ್ಳುತ್ತಿದ್ದ.

ತಂಡಗಳ ನಡುವೆ ಆಟಗಾರರ ಅದಲುಬದಲಿಗೆ ಗುರುವಾರ ಕೊನೆಯ ದಿನ. ಅವತ್ತು ಲೋರ್ನ್ ಕಾಫಿ ಅಂಗಡಿಗೆ ಬಂದವನು ಕೂರಲೇ ಇಲ್ಲ.

"ಆರ್ನಿ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಬ್ರೋಡಿ ಬರ್ತಿದಾನೆ!"

ಮೇಜಿನ ಸುತ್ತ ಕೂಗೋ ಕೂಗು. ಆರ್ನಿ ಮದುವೆಯ ದಿನವೂ ಅಷ್ಟು ಬೀಗಿರಲಿಲ್ಲ. "ಯಾವನನ್ನ ಕೊಟ್ಟೆ?" ಎಂದು ಕೇಳಿದ.

ಲೋರ್ನ್ ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅವರು ಕೋಲ್ಟನ್ ಬಿಟ್ಟು ಬೇರೆ ಯಾರೂ ಬೇಡ ಅಂದ್ರು. ನೀನೇ ಬರೆದಿದ್ಯಲ್ಲಪ್ಪ, ಯಾವನಾದ್ರೂ ಸರಿ ಅಂತ."

ದೂರದ ಊರುಗಳಿಂದ ಆಡಲು ಬರುವ ಹುಡುಗರು ಕೆಸ್ಲರ್‌ನ ಮನೆಗಳಲ್ಲೇ ಇದ್ದು ಬೆಳೆಯುತ್ತಾರೆ. ಹತ್ತೊಂಬತ್ತರ ಕೋಲ್ಟನ್ ಮೂರು ಚಳಿಗಾಲದಿಂದ ಇದ್ದದ್ದು ಆರ್ನಿಯ ಮನೆಯಲ್ಲಿ. ಮಕ್ಕಳಿಲ್ಲದ ಆ ಮನೆಯಲ್ಲಿ ಡೋರೀನ್ ಅವನಿಗಾಗಿ ಕಡುಬು ಲಟ್ಟಿಸುತ್ತಿದ್ದಳು, ಆರ್ನಿ ಅವನಿಗೆ ಕಾರು ಓಡಿಸಲು ಕಲಿಸಿದ್ದ. ಅಂಥವನು 'ಯಾವನಾದರೂ' ಎಂಬ ಲೆಕ್ಕಕ್ಕೆ ಬರುತ್ತಾನೆಂದು ಆರ್ನಿಗೆ ಹೊಳೆದೇ ಇರಲಿಲ್ಲ. ಅವನೊಬ್ಬನನ್ನು ಬಿಟ್ಟು ಎಂದು ಬರೆಯಬೇಕಿತ್ತು. ಈಗ ಬಾಯಿ ತೆರೆದರೆ ಮೂರು ವರ್ಷದ ಉಪದೇಶವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಂಟು ಜನ ಅವನ ಮುಖವನ್ನೇ ನೋಡುತ್ತಿದ್ದರು.

"ಒಳ್ಳೇ ಕೆಲಸ ಮಾಡಿದೆ," ಎಂದ ಆರ್ನಿ. ಎಲ್ಲರೂ ಅವನ ಕೈ ಕುಲುಕಿದರು.

ಮನೆಗೆ ಬಂದರೆ ಕೋಲ್ಟನ್ ಅಂಗಳದ ಹಿಮ ತೆಗೆಯುತ್ತಿದ್ದ. ಚೀಲ, ಹಾಕಿ ಕೋಲುಗಳು ಬಾಗಿಲ ಬಳಿ ಸಿದ್ಧವಾಗಿದ್ದವು. "ಹೋಗೋ ಮುಂಚೆ ಇದೊಂದು ಮುಗಿಸಿಬಿಡ್ತೀನಿ, ನಿಮಗೆ ಬೆನ್ನುನೋವು," ಎಂದ. "ಬೇಜಾರು ಮಾಡ್ಕೋಬೇಡಿ ಆರ್ನಿ, ಆಟದಲ್ಲಿ ಇದೆಲ್ಲ ಇದ್ದದ್ದೇ." ಆರ್ನಿಗೆ ಆ ಹುಡುಗನನ್ನು ಅಪ್ಪಿಕೊಳ್ಳಬೇಕೆನಿಸಿತು, ಆದರೆ ಸಲಿಕೆ ಮಾತ್ರ ಇಸಿದುಕೊಂಡ.

ಕಾರು ಹೋದ ಮೇಲೆ ಡೋರೀನ್ ಖಾಲಿ ಹಾಸಿಗೆಯ ಹೊದಿಕೆ ಬದಲಿಸುತ್ತ ಹೇಳಿದಳು: "ಮಾಡಿದ್ದುಣ್ಣೋ ಮಹರಾಯ."

ಸಂಜೆ ಆ ಹಾಸಿಗೆಗೆ ಬ್ರೋಡಿ ಬಂದ. ಬಾಗಿಲ ತುಂಬ ಅವನೇ. ಮುಂದಿನ ಎರಡು ಹಲ್ಲಿಲ್ಲ. ಆರ್ನಿ ಅವನನ್ನು ದ್ವೇಷಿಸಲು ಸಿದ್ಧನಾಗಿಯೇ ಕೂತಿದ್ದ. ಆದರೆ ಆ ಗೂಳಿ ಬೂಟು ಬಿಚ್ಚಿ ಸಾಲಾಗಿಟ್ಟಿತು, ಊಟವಾದ ಮೇಲೆ ಕೇಳದೆಯೇ ತಟ್ಟೆ ತೊಳೆಯಿತು. ಕೊನೆಗೆ ಕೈ ಒರೆಸಿಕೊಳ್ಳುತ್ತ ಹೇಳಿತು: "ನನ್ನನ್ನ ಕರೆಸಿಕೊಂಡಿದ್ದು ನೀವೇ ಅಂತೆ ಸರ್. ಲೋರ್ನ್ ಆ ನ್ಯಾಪ್‌ಕಿನ್ ತೋರಿಸಿದ್ರು. ಇಷ್ಟು ವರ್ಷದಲ್ಲಿ ನಾನು ಬೇಕು ಅಂತ ಕೇಳಿದವರು ಯಾರೂ ಇರಲಿಲ್ಲ. ನಿಮ್ಮ ಮಾತು ಉಳಿಸ್ತೀನಿ."

"ಮಲ್ಕೋ ಹೋಗಪ್ಪ," ಎಂದ ಆರ್ನಿ.

ಶನಿವಾರ ಕೆಸ್ಲರ್‌ಗೆ ಆಡಲು ಬಂದದ್ದು ಬ್ರಾಡ್ಲಿ ತಂಡವೇ. ಗ್ಯಾಲರಿಯಲ್ಲಿ ಕಾಫಿ ಗೆಳೆಯರೆಲ್ಲ ಆರ್ನಿಯ ಹಿಂದಿನ ಸಾಲಿನಲ್ಲಿ ಕೂತಿದ್ದರು. ಎರಡನೆಯ ಅವಧಿಯಲ್ಲಿ ಕೋಲ್ಟನ್ ತಲೆ ತಗ್ಗಿಸಿ ಪಕ್ ಬಿಲ್ಲೆಯನ್ನು ಕೋಲಿನಿಂದ ನೂಕಿಕೊಂಡು ಅಂಕಣದ ಅಂಚಿನಲ್ಲೇ ಜಾರಿ ಬಂದ. ತಲೆ ಎತ್ತು ಎಂದು ಮೂರು ವರ್ಷ ಅವನಿಗೆ ಹೇಳಿಕೊಟ್ಟು ಸೋತವನು ಆರ್ನಿಯೇ. ಎದುರಿನಿಂದ ಬ್ರೋಡಿ ಬರುತ್ತಿದ್ದ.

ಕೋಲ್ಟನ್ ಹೋಗಿ ಬಡಿದ ಏಟಿಗೆ ಅಂಚಿನ ಗೋಡೆ ಧಡಾರೆಂದಿತು. ಇಡೀ ಊರು ಎದ್ದು ನಿಂತು ಕೂಗಿತು. ಹಿಂದಿನ ಸಾಲಿನವರು ಆರ್ನಿಯ ಬೆನ್ನು ಗುದ್ದುತ್ತ, "ನೋಡೋ, ನೋಡೋ ನಿನ್ನ ಗೂಳೀನ!" ಎಂದು ಕುಣಿದರು.

ಆರ್ನಿ ಉಣ್ಣೆಯ ಕೈಗವಸುಗಳೆರಡನ್ನೂ ಕಣ್ಣಿಗೆ ಒತ್ತಿಕೊಂಡಿದ್ದ.

"ಎದ್ನಾ?" ಎಂದು ಕೇಳಿದ.

"ಎದ್ದ," ಎಂದಳು ಪಕ್ಕದಲ್ಲಿ ನಿಂತಿದ್ದ ಡೋರೀನ್. "ಇನ್ನು ಕಣ್ಣು ಬಿಡು. ಬ್ರೋಡಿ ಆಗಿಂದ ನಿನಗೇ ಕೈ ಬೀಸ್ತಿದಾನೆ."